ಸುಲ್ತಾನ್ ಖಾನನೂ ಕಾಪಬ್ಲಾಂಕನೂ

ಹಿಂದೂಸ್ಥಾನದ ಹಳೆಯ ಚದುರಂಗದಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದಕ್ಕೆ ಹೋಗತಕ್ಕದ್ದು. ಯುರೋಪಿನ ಆಟದಲ್ಲಿ ಅದು ಎರಡು ಮನೆ ದಾಟಬಹುದು. ವ್ಯತ್ಯಾಸವು ಅಲ್ಪವೆಂದು ತೋರಿದರೂ ಆಟದ ಆರಂಭವೆಲ್ಲ ಇದರಿಂದ ಬೇರೆಯಾಗುತ್ತದೆ. ಅಲ್ಲಿಯ ಮೊದಲ ಹತ್ತು ಹನ್ನೆರಡು ನಡೆಗಳು ಶತಮಾನಗಳ ಗ್ರಂಥಾಭ್ಯಾಸದ ಫಲ. ಪಂಜಾಬಿನ ಮೀರ್ ಸುಲ್ತಾನ್ ಖಾನನಿಗೆ ಆ ಅಭ್ಯಾಸವಿರಲಿಲ್ಲ. ಜಮೀನ್ದಾರ ಸರ್ ಉಮರ್ ಹಯಾತ್ ಖಾನನ ಆಶ್ರಯದಲ್ಲಿ ಅವನು 1929ರಲ್ಲಿ ಲಂಡನ್ನಿಗೆ ಹೋದನು. ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದನು. ಓದಿನಿಂದ ಬಾರದುದು ಬುದ್ಧಿಯಿಂದ ಬಂದಿತೆನ್ನಬೇಕು.

1930ರ ಕೊನೆಯಲ್ಲಿ ಆರಂಭವಾದ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಅವನಿಗೆ ಕ್ಯೂಬಾದ ಕಾಪಬ್ಲಾಂಕನು ಎದುರಾದನು. ಈತನು 1921ರಿಂದ 1927ರವರೆಗೆ ಜಗಜ್ಜೇತನಾಗಿದ್ದವನು. ಸೋಲುವುದು ಅತಿ ವಿರಳ. ಕಪ್ಪು ಕಾಯಿಗಳಿಂದ ಅವನು ಹಿಡಿದ ಆರಂಭದ ಹೆಸರು ಕ್ವೀನ್ಸ್ ಇಂಡಿಯನ್. ಈ 'ಇಂಡಿಯನ್' ಎಂಬ ಪದಕ್ಕೆ ಮೂಲ, ಕಲ್ಕತ್ತೆಯಲ್ಲಿ ಮಹೇಶಚಂದ್ರ ಬಂದ್ಯೋಪಾಧ್ಯಾಯನು ಕಾಕ್ರೇನನ ಎದುರು ಆಡಿದ ಆಟಗಳು. ಭಾರತೀಯನ ಮೇಲೆ ಭಾರತದ ಹೆಸರಿನ ರಕ್ಷಣೆಯನ್ನೇ ಒಡ್ಡಿದಂತಾಯಿತು!

ಐದನೆಯ ನಡೆಯಲ್ಲಿ ಸುಲ್ತಾನನು ಎಡತುದಿಯ ಕಾಲಾಳನ್ನು ಒಂದೇ ಮನೆ ಸರಿಸಿದನು. ಕರಿಯ ಒಂಟೆಯು ಮುಂದೆ ಬಂದು ಕುದುರೆಯನ್ನು ಕಟ್ಟಿಹಾಕದಂತೆ ಅದು ತಡೆ. ಈ ಪುಟ್ಟ ನಡೆಯೇ ಮುಂದೆ ಪೆಟ್ರೋಸಿಯನನ ಹೆಸರಿನ ಪದ್ಧತಿಯ ಗುರುತಾಯಿತು. 1980ರ ದಶಕದಲ್ಲಿ ಕಾಸ್ಪರೋವನು ಅದರಿಂದ ಅನೇಕರನ್ನು ಸೋಲಿಸಿದನು. ಆದರೆ ಅಂದು ಅದಕ್ಕೆ ಆ ಪ್ರತಿಷ್ಠೆ ಇರಲಿಲ್ಲ.

ಸುಲ್ತಾನನು ರಾಜನಿಗೆ ಕೋಟೆ ಕಟ್ಟಲೇ ಇಲ್ಲ. ಇಪ್ಪತ್ತೊಂದನೆಯ ನಡೆಯಲ್ಲಿ ಕಾಪಬ್ಲಾಂಕನ ಆನೆ ಅವನ ಮನೆಯೊಳಗೇ ನುಗ್ಗಿ ಶಹ ಕೊಟ್ಟಿತು. ಮರುನಡೆಯಲ್ಲಿ ಎರಡನೆಯ ಆನೆಯೂ ಬಂದಿತು. ರಾಜನು ಮೆಲ್ಲನೆ ನಡೆದು ತಪ್ಪಿಸಿಕೊಂಡನು. ಕೊಡುಕೊಳ್ಳುವಿಕೆ ಮುಗಿದಾಗ ಕಪ್ಪಿಗೆ ಮಂತ್ರಿ, ಬಿಳಿಗೆ ಎರಡು ಆನೆಗಳು ಉಳಿದವು. ಬಯಲಿದ್ದರೆ ಮಂತ್ರಿಯದೇ ಮೇಲುಗೈ. ಆದರೆ ನಡುವೆ ಕಾಲಾಳುಗಳು ಗೋಡೆಯಂತೆ ನಿಂತಿದ್ದವು. ಮಂತ್ರಿಗೆ ದಾರಿಯಿರಲಿಲ್ಲ, ಆನೆಗಳಿಗೆ ತೆರೆದ ಸಾಲಿತ್ತು. ಅರವತ್ತೈದನೆಯ ನಡೆಯ ಹೊತ್ತಿಗೆ ಕಾಪಬ್ಲಾಂಕನು ಸೋಲೊಪ್ಪಿದನು. ಪಂದ್ಯಾವಳಿಯ ಪ್ರಥಮ ಸ್ಥಾನ ಮಾತ್ರ ಯೂವೆಯದು; ಕಾಪಬ್ಲಾಂಕ ಎರಡನೆಯವನು, ಸುಲ್ತಾನ್ ಮೂರನೆಯವನು.

1932, 1933ರಲ್ಲಿ ಬ್ರಿಟಿಷ್ ಪ್ರಶಸ್ತಿಯನ್ನು ಮತ್ತೆ ಗೆದ್ದು ಅವನು ಆಶ್ರಯದಾತನೊಡನೆ ಸ್ವದೇಶಕ್ಕೆ ಮರಳಿದನು. ಯುರೋಪಿನ ಪಂದ್ಯಾವಳಿಗಳು ಅವನನ್ನು ಪುನಃ ಕಾಣಲಿಲ್ಲ. 1966ರಲ್ಲಿ ತೀರಿಕೊಂಡವನಿಗೆ ಅಂತಾರಾಷ್ಟ್ರೀಯ ಚದುರಂಗ ಸಂಸ್ಥೆಯು ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದನ್ನಿತ್ತದ್ದು 2024ರಲ್ಲಿ.