ಊಟಕ್ಕೆ ಬಂದ ಬಾತ್ಮೀದಾರ

ಹೊಸರಿತ್ತಿಯ ಖಾನಾವಳಿಯಲ್ಲಿ ನಾನು ಗುಟ್ಟಾಗಿ ಊಟ ಮಾಡುವುದು ಸಾಧ್ಯವೇ ಇಲ್ಲ. ಕುಳಿತ ಕೂಡಲೇ ‘ಯಾರ ಮೊಮ್ಮಗಾ ತಮ್ಮಾ ನೀ?’ ಎಂಬ ಪ್ರಶ್ನೆ ಬರುತ್ತದೆ, ರೊಟ್ಟಿ ಆಮೇಲೆ. ಬೆಂಗಳೂರಿನಲ್ಲಿ ಮಾತ್ರ ಎಂಟು ತಿಂಗಳು ಯಾರಿಗೂ ತಿಳಿಯದಂತೆ ಉಂಡು, ಅದಕ್ಕೆ ಕಾಸು ಪಡೆದೆ. ಫೆಲೋಶಿಪ್ ಹಣ ತಡವಾದಾಗ ಹಿಡಿದ ಕೆಲಸ ಅದು. ಹೆಸರು ‘ಮಿಸ್ಟರಿ ಶಾಪರ್’. ಗಿರಾಕಿಯ ಸೋಗಿನಲ್ಲಿ ರೆಸ್ಟೋರೆಂಟಿಗೆ ಹೋಗಿ, ಉಂಡು, ಮಾಲೀಕರಿಗಾಗಿ ವರದಿ ಬರೆಯುವುದು.

ಕೇಳಲು ಸುಖದ ಕೆಲಸ. ಆದರೆ ನೀರು ಎಷ್ಟನೇ ನಿಮಿಷಕ್ಕೆ ಬಂತು, ಮಾಣಿ ನಕ್ಕನೇ, ಸಿಹಿ ತಿನಿಸು ಬೇಕೇ ಎಂದು ಕೇಳಿದನೇ, ಇವೆಲ್ಲ ನೆನಪಿರಬೇಕು. ನಾನು ಆಗಾಗ ಶೌಚಾಲಯಕ್ಕೆ ಹೋಗಿ, ಚಿಲಕ ಹಾಕಿ, ಫೋನಿನಲ್ಲಿ ಬರೆದುಕೊಳ್ಳುತ್ತಿದ್ದೆ. ಒಮ್ಮೆ ಬಿಲ್ಲಿನ ಫೋಟೋದಲ್ಲಿ ಸಮಯ ಕಾಣಲಿಲ್ಲವೆಂದು ಏಜೆನ್ಸಿಯವರು ಇಡೀ ವರದಿ ತಳ್ಳಿಹಾಕಿದರು. ಊಟದ ಖರ್ಚು ನನ್ನ ತಲೆಗೇ ಬಂತು. ಇನ್ನು ರುಚಿಯ ಬಗ್ಗೆ ಅವರ ಅಷ್ಟುದ್ದದ ಫಾರಂನಲ್ಲಿ ಇದ್ದದ್ದು ಎರಡೇ ಪ್ರಶ್ನೆ.

ಇತಿಹಾಸದ ವಿದ್ಯಾರ್ಥಿಯಾದ್ದರಿಂದ ಈ ಕಸುಬಿನ ಮೂಲ ಹುಡುಕತೊಡಗಿದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಚಾರರಿಗೇನೂ ಬರವಿಲ್ಲ. ಮಾರುವೇಷದವರು ಲಂಚ ಕೊಡಲು ಹೋಗಿ ನ್ಯಾಯಾಧೀಶರನ್ನೇ ಪರೀಕ್ಷಿಸುತ್ತಾರೆ. ಆದರೆ ನಗರದ ಆಡಳಿತ ಹೇಳುವ ಭಾಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಬೇಯಿಸಿದ ಅನ್ನ, ಮಾಂಸ, ಹೆಂಡ ಮಾರುವವರು, ಮಿತಿಮೀರಿ ಖರ್ಚು ಮಾಡುವ ಗಿರಾಕಿ ಬಂದರೆ ಅಧಿಕಾರಿಗೆ ತಿಳಿಸಬೇಕು. ಹೆಂಡದಂಗಡಿಯಲ್ಲಿ ಗೂಢಚಾರರು ಕುಳಿತು ಯಾರ ಖರ್ಚು ಅಳತೆ ಮೀರಿದೆಯೆಂದು ನೋಡಬೇಕು. ಅಂದರೆ ಅಲ್ಲಿ ಕಣ್ಣು ಇರುವುದು ಉಣ್ಣುವವನ ಮೇಲೆ. ನಾನು ಬಡಿಸುವವನ ಮೇಲೆ ಕಣ್ಣಿಟ್ಟಿದ್ದೆ.

ಈ ತಿರುವು ಎಲ್ಲಿ ಬಂತು? ನನಗೆ ತೋರುವಂತೆ, ಮಾಲೀಕ ಗಲ್ಲಾಪೆಟ್ಟಿಗೆ ಬಿಟ್ಟು ದೂರ ಹೋದಾಗ. 1850ರ ದಶಕದ ಅಮೆರಿಕದಲ್ಲಿ ರೈಲ್ವೆ ಕಂಪನಿಗಳು, ಓಡುವ ಗಾಡಿಯಲ್ಲಿ ಟಿಕೆಟ್ ಕಾಸು ಜೇಬಿಗಿಳಿಸುವ ಕಂಡಕ್ಟರುಗಳನ್ನು ಹಿಡಿಯಲು ಅಲನ್ ಪಿಂಕರ್ಟನ್ನನ ಪತ್ತೇದಾರರನ್ನು ನೇಮಿಸಿಕೊಂಡವು. ಅವರು ಪ್ರಯಾಣಿಕರಂತೆ ಕುಳಿತು ಲೆಕ್ಕ ಇಡುತ್ತಿದ್ದರು. ಕಾರ್ಮಿಕರು ಅವರನ್ನು ‘ಸ್ಪಾಟರ್’ ಎಂದು ಕರೆದು ದ್ವೇಷಿಸಿದರು. ಮುಂದೆ ಅಂಗಡಿ, ಬ್ಯಾಂಕುಗಳಿಗೂ ಇದೇ ಪದ್ಧತಿ ಬಂತು.

ಹೋಟೆಲು ತೂಗುವವರಲ್ಲಿ ಹೆಸರಾದದ್ದು ಫ್ರಾನ್ಸಿನ ಮಿಶೆಲಿನ್ ಗೈಡು. 1900ರಲ್ಲಿ ಶುರುವಾಗಿ, 1926ರಿಂದ ನಕ್ಷತ್ರ ಕೊಡತೊಡಗಿತು. ಅದರ ಪರಿವೀಕ್ಷಕರ ಗುರುತು ಪರಮ ಗುಟ್ಟು. ಅವರಲ್ಲೊಬ್ಬರಾಗಿದ್ದ ಪಾಸ್ಕಲ್ ರೆಮಿ 2004ರಲ್ಲಿ ಪುಸ್ತಕ ಬರೆದು, ಒಂಟಿ ಊಟ, ಊರೂರು ಅಲೆತ, ರಾತ್ರಿ ಕೂತು ವರದಿ, ಅದಕ್ಕೆ ತಕ್ಕದ್ದಲ್ಲದ ಸಂಬಳ ಎಂದು ಗೋಳು ತೋಡಿಕೊಂಡರು. ಅವರು ಮುಟ್ಟಿದ್ದು ಶ್ರೇಷ್ಠ ಅಡುಗೆ, ನನ್ನದು ಪನೀರ್ ಮಸಾಲೆ. ಒಂಟಿತನ ಮಾತ್ರ ನನಗೂ ಪರಿಚಯದ್ದೇ.

ಒಂದು ಮಧ್ಯಾಹ್ನ ಬಡಿಸುತ್ತಿದ್ದ ಹುಡುಗ ನನ್ನ ಒಂದೇ ಮಾತಿಗೆ ತಿರುಗಿದ. ‘ಹಾವೇರಿ ಕಡಿಯವ್ರೇನ್ರಿ ಸರ್?’ ಅವನದು ಬ್ಯಾಡಗಿ. ಗುರುತು ಬಿಟ್ಟುಕೊಡಬಾರದೆಂಬ ನಿಯಮ. ಅಲ್ಲ, ಇಲ್ಲಿಯವನೇ ಎಂದೆ. ಆದರೂ ಅವನು ನಂಬದೆ, ಮೆಣಸಿನಕಾಯಿ ರೇಟು, ಮಳೆ, ಅವ್ವನ ಮಂಡಿನೋವು ಎಂದು ನಿಂತಲ್ಲೇ ಹೇಳುತ್ತಾ ಹೋದ. ಸಿಹಿ ಬೇಕೇ ಎಂದು ಕೇಳುವುದನ್ನು ಮರೆತ. ರಾತ್ರಿ ಫಾರಂ ತುಂಬುವಾಗ ಆ ಸಾಲಿಗೆ ಸೊನ್ನೆ ಹಾಕಿದೆ. ಬಡಿಸಿದವರ ಹೆಸರು ಕೇಳುವ ಖಾನೆಯಲ್ಲಿ ಅವನ ಎದೆಪಟ್ಟಿಯ ಹೆಸರನ್ನೂ ಬರೆದೆ. ಮುಂದಿನ ತಿಂಗಳು ಹೋದಾಗ ಅವನು ಇರಲಿಲ್ಲ. ಗಿರಾಕಿಯ ಸೋಗಿನಲ್ಲಿದ್ದವನು ಯಾಕೆಂದು ಕೇಳುವುದು ಹೇಗೆ?

ಊರಿಗೆ ಹೋದಾಗ ಅಜ್ಜ ಏನು ಕೆಲಸವೆಂದು ವಿಚಾರಿಸಿದರು. ವಿವರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಅಂದ್ರ ಬಾತ್ಮೀದಾರ’ ಎಂದರು.

ಹೊಸರಿತ್ತಿಯಲ್ಲಿ ಆ ಪದಕ್ಕೆ ಭಾರ ಹೆಚ್ಚು. 1943ರ ಏಪ್ರಿಲ್ 1ರಂದು, ಸರ್ಕಾರದ ಕಂದಾಯದ ಹಣವಿದ್ದ ಇಲ್ಲಿನ ವೀರಭದ್ರ ದೇವರ ಗುಡಿಗೆ ನುಗ್ಗಿದಾಗ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಗುಂಡಿಗೆ ಬಲಿಯಾದರು. ಅಜ್ಜ ಆಗ ಕೈಗೂಸು. ಆ ದಿನಗಳ ಬಗ್ಗೆ ಅವರಪ್ಪ ಹೇಳುತ್ತಿದ್ದ ಕತೆಗಳಲ್ಲಿ, ಭೂಗತರಿಗೆ ರೊಟ್ಟಿ ಕೊಟ್ಟವರ ಹೆಸರು ಪೊಲೀಸರಿಗೆ ಮುಟ್ಟಿಸುವವನೇ ಬಾತ್ಮೀದಾರ. ನಮ್ಮಂಥ ಸಂಶೋಧಕರು ಪತ್ರಾಗಾರದಲ್ಲಿ ಕುಳಿತು ಆಸೆಯಿಂದ ಓದುವ ಪೊಲೀಸ್ ವರದಿಗಳ ಹಿಂದೆಯೂ ಅಂಥವರೇ ಇರುತ್ತಾರೆ ಎಂಬುದನ್ನು ನಾನು ಅಜ್ಜನಿಗೆ ಹೇಳಲಿಲ್ಲ.

‘ಹಂಗಲ್ಲ ಅಜ್ಜಾ, ಊಟ ಚೊಲೋ ಐತೋ ಇಲ್ಲೋ ನೋಡೂದು’ ಎಂದೆ.

‘ಚೊಲೋ ಇರಲಿಲ್ಲಂದ್ರ ಬಡಿಸಿದವಗ ಹೇಳಿ ಬರಬೇಕಪ್ಪಾ’ ಎಂದು ಅಜ್ಜ ಎಲೆ ಅಡಿಕೆಯ ಚೀಲ ಬಿಚ್ಚಿದರು.