ಹಳೆಯ ಪೈಪ್ ಆರ್ಗನ್, ಹೊಸ ಇಗರ್ಜಿ: ಒಪ್ಪಿಕೊಳ್ಳುವ ಮುನ್ನ ತಿಳಿದಿರಬೇಕಾದ ವಿಷಯಗಳು

ಯುರೋಪಿನಲ್ಲಿ ಭಕ್ತಾದಿಗಳ ಸಂಖ್ಯೆ ಇಳಿದು ಚರ್ಚುಗಳು ಮುಚ್ಚುತ್ತಿರುವುದರಿಂದ ಅಲ್ಲಿನ ಪೈಪ್ ಆರ್ಗನ್‌ಗಳು ಕಡಿಮೆ ಬೆಲೆಗೆ, ಕೆಲವೊಮ್ಮೆ ಉಚಿತವಾಗಿಯೂ ದೊರೆಯುತ್ತವೆ. ಇತ್ತ ನಮ್ಮ ಕರಾವಳಿಯಲ್ಲಿ ಹಳೆಯ ಇಗರ್ಜಿಗಳ ಜಾಗದಲ್ಲಿ ಹೊಸ, ವಿಶಾಲ ಇಗರ್ಜಿಗಳು ತಲೆಯೆತ್ತುತ್ತಿವೆ. ಹೊರದೇಶದಲ್ಲಿರುವ ಧರ್ಮಕೇಂದ್ರದ ಬಂಧುಗಳು "ಒಂದು ಆರ್ಗನ್ ಕಳುಹಿಸೋಣವೇ?" ಎಂದು ಕೇಳಿದರೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಒಂದು ಪಾಲನಾ ಮಂಡಳಿ ಏನು ಉತ್ತರಿಸಬೇಕು? ಈ ಪ್ರಶ್ನೆಗೆ ನೆರವಾಗುವ ಮಾಹಿತಿಯನ್ನು ಇಲ್ಲಿ ನೀಡುತ್ತಿದ್ದೇವೆ.

ಧರ್ಮಸಭೆಯ ಬೋಧನೆ

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ದೈವಾರಾಧನಾ ಸಂವಿಧಾನದ 120ನೇ ಪರಿಚ್ಛೇದದಲ್ಲಿ ಲತೀನ್ ಧರ್ಮಸಭೆಯ ಸಾಂಪ್ರದಾಯಿಕ ವಾದ್ಯವಾದ ಪೈಪ್ ಆರ್ಗನ್‌ಗೆ ಉನ್ನತ ಗೌರವ ನೀಡಿದೆ. ಪವಿತ್ರ ಬಳಕೆಗೆ ಯೋಗ್ಯವಾದ ಇತರ ವಾದ್ಯಗಳಿಗೂ ಅದೇ ಪರಿಚ್ಛೇದ ಅವಕಾಶ ಕೊಟ್ಟಿದೆ. ಆದುದರಿಂದ ಹಾರ್ಮೋನಿಯಂ ಅಥವಾ ಕೀಬೋರ್ಡ್ ನುಡಿಸುವ ಧರ್ಮಕೇಂದ್ರವು ಯಾವ ರೀತಿಯಲ್ಲೂ ಕಡಿಮೆಯದಲ್ಲ.

ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನಗಳ 313ನೇ ಪರಿಚ್ಛೇದದ ಪ್ರಕಾರ, ಗಾಯನ ಮಂಡಳಿಗೂ ಭಕ್ತಾದಿಗಳ ಹಾಡಿಗೂ ಆಧಾರವಾಗುವ ಸ್ಥಳದಲ್ಲಿ ಆರ್ಗನ್ ಇರಬೇಕು. ಬಳಕೆಗೆ ಮುನ್ನ ಅದನ್ನು ಆಶೀರ್ವದಿಸುವುದು ಯೋಗ್ಯ. ತಪಸ್ಸುಕಾಲದಲ್ಲಿ ಹಾಡಿಗೆ ಆಧಾರವಾಗಿ ಮಾತ್ರ ಅದನ್ನು ನುಡಿಸಬಹುದು. ಆ ಕಾಲದ ನಾಲ್ಕನೇ ಭಾನುವಾರ ಹಾಗೂ ಮಹೋತ್ಸವ, ಹಬ್ಬಗಳಿಗೆ ವಿನಾಯಿತಿ ಇದೆ.

ಎರಡು ಉದಾಹರಣೆಗಳು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಆರೆಂಜ್ ಧರ್ಮಪ್ರಾಂತ್ಯದ ಕ್ರೈಸ್ಟ್ ಕೆಥೆಡ್ರಲ್ ಮೊದಲು ಪ್ರೊಟೆಸ್ಟೆಂಟರ 'ಕ್ರಿಸ್ಟಲ್ ಕೆಥೆಡ್ರಲ್' ಆಗಿತ್ತು. ನ್ಯೂಯಾರ್ಕಿನ ಸಂಗೀತ ಸಭಾಂಗಣವೊಂದರಲ್ಲಿ 1962ರಿಂದ ಇದ್ದ ಆರ್ಗನನ್ನು ಕೊಂಡು, ಇಟಲಿಯ ರುಫಾತ್ತಿ ಸಂಸ್ಥೆಯ ಹೊಸ ಭಾಗಗಳನ್ನು ಸೇರಿಸಿ, 1982ರಲ್ಲಿ ಅಲ್ಲಿ ಸ್ಥಾಪಿಸಲಾಯಿತು. ಗಾಜಿನ ಕಟ್ಟಡದ ಬಿಸಿಲಿನ ತಾಪ ಹಾಗೂ ಕೀಟಗಳಿಂದ ವಾದ್ಯ ಹಾಳಾಯಿತು. ಧರ್ಮಪ್ರಾಂತ್ಯವು ಕಟ್ಟಡವನ್ನು ಕೊಂಡ ನಂತರ 2013ರಲ್ಲಿ ಆರ್ಗನನ್ನು ಬಿಚ್ಚಿ ದುರಸ್ತಿಗೆ ಇಟಲಿಗೆ ಕಳುಹಿಸಿತು. ಕೆಥೆಡ್ರಲ್ 2019ರಲ್ಲಿ ಪ್ರತಿಷ್ಠಾಪನೆಗೊಂಡರೂ ಆರ್ಗನ್ ಪುನಃ ಸೇವೆಗೆ ಸಮರ್ಪಿತವಾದದ್ದು 2022ರಲ್ಲಿ.

ಫಿಲಿಪ್ಪೀನ್ಸಿನ ಲಾಸ್ ಪಿನ್ಯಾಸ್ ಧರ್ಮಕೇಂದ್ರದ ಬಿದಿರಿನ ಆರ್ಗನ್ ನಮ್ಮ ಹವೆಗೆ ಇನ್ನೂ ಹತ್ತಿರದ್ದು. ಫಾ. ದಿಯೆಗೊ ಸೇರಾ ಇದನ್ನು 1816ರಿಂದ 1824ರ ಅವಧಿಯಲ್ಲಿ ನಿರ್ಮಿಸಿದರು. 1,031 ಕೊಳವೆಗಳಲ್ಲಿ 902 ಬಿದಿರಿನವು. ಹುಳ ಹಿಡಿಯದಂತೆ ಬಿದಿರನ್ನು ತಿಂಗಳುಗಟ್ಟಲೆ ಸಮುದ್ರತೀರದ ಮರಳಿನಲ್ಲಿ ಹೂತಿಟ್ಟಿದ್ದರು. 1973ರಿಂದ 1975ರವರೆಗೆ ಜರ್ಮನಿಯ ಬಾನ್ ನಗರದಲ್ಲಿ ಇದರ ದುರಸ್ತಿ ನಡೆದಾಗ, ಫಿಲಿಪ್ಪೀನ್ಸಿನ ಸೆಕೆ ಮತ್ತು ತೇವವನ್ನು ಕೃತಕವಾಗಿ ಉಂಟುಮಾಡಿದ ಕೋಣೆಯಲ್ಲಿ ಕೆಲಸ ಮಾಡಲಾಯಿತು. ವಾದ್ಯವನ್ನು ಅದು ಬಾಳಬೇಕಾದ ಊರಿನ ಹವೆಗೆ ಹೊಂದಿಸಬೇಕೆಂಬ ಪಾಠ ಇದರಲ್ಲಿದೆ.

ಪರಿಶೀಲಿಸಬೇಕಾದ ಅಂಶಗಳು

1. ಎತ್ತರ: ಆರ್ಗನ್ ಬಂದ ಮೇಲೆ ಜಾಗ ಹುಡುಕುವುದಲ್ಲ, ನಕ್ಷೆ ತಯಾರಾಗುವಾಗಲೇ ಯೋಚಿಸಬೇಕು. '8 ಅಡಿ' ಸಾಲಿನ ಅತಿ ದೊಡ್ಡ ತೆರೆದ ಕೊಳವೆ ಸುಮಾರು 2.4 ಮೀಟರ್, '16 ಅಡಿ' ಸಾಲಿನದು ಸುಮಾರು 4.9 ಮೀಟರ್ ಉದ್ದ. ಅದರ ಕೆಳಗೆ ಗಾಳಿಪೆಟ್ಟಿಗೆಯೂ ಇರಬೇಕು. ಮಾಡು ತಗ್ಗಾಗಿದ್ದರೆ ಕೊಳವೆಗಳನ್ನು ಬಾಗಿಸಬಹುದು. ಇಲ್ಲವೇ ತುದಿ ಮುಚ್ಚಿದ ಅರ್ಧ ಉದ್ದದ ಕೊಳವೆಗಳನ್ನು ಬಳಸಬಹುದು. ಆದರೆ ನಾದದ ಗುಣ ಬದಲಾಗುತ್ತದೆ.

2. ಭಾರ: ಸಾಧಾರಣ ಗಾತ್ರದ ಆರ್ಗನ್ ಕೂಡ ಹಲವು ಟನ್ ತೂಗುತ್ತದೆ. ಹಿಂಬದಿಯ ಗಾಯನ ಅಟ್ಟ ಈ ಭಾರ ತಾಳುವುದೇ ಎಂಬುದನ್ನು ಇಂಜಿನಿಯರರು ಲಿಖಿತವಾಗಿ ತಿಳಿಸಬೇಕು.

3. ನಾದ: ಹಳೆಯ ಕಟ್ಟಡದಲ್ಲಿ ಇಂಪಾಗಿದ್ದ ವಾದ್ಯ ಹೊಸದರಲ್ಲಿ ಕರ್ಕಶವಾಗಬಹುದು, ಇಲ್ಲವೇ ಕೇಳಿಸದೇ ಹೋಗಬಹುದು. ಕಲ್ಲಿನ ಗೋಡೆಗಳ ಮುಚ್ಚಿದ ಚರ್ಚಿಗಾಗಿ ಮಾಡಿದ ಆರ್ಗನ್, ಬಾಗಿಲು ಕಿಟಕಿಗಳೆಲ್ಲ ತೆರೆದು ಫ್ಯಾನ್ ತಿರುಗುವ ನಮ್ಮ ಇಗರ್ಜಿಯಲ್ಲಿ ಬೇರೆಯೇ ಆಗಿ ಕೇಳಿಸುತ್ತದೆ. ಆದ್ದರಿಂದ ಪ್ರತಿಯೊಂದು ಕೊಳವೆಯ ದನಿಯನ್ನೂ ಹೊಸ ಸ್ಥಳದಲ್ಲೇ ತಿದ್ದಬೇಕಾಗುತ್ತದೆ. ಇಡೀ ಕೆಲಸದಲ್ಲಿ ಅತ್ಯಂತ ನಾಜೂಕಾದ ಭಾಗವಿದು.

4. ಸೆಕೆ: ತಾಪಮಾನ 10 ಡಿಗ್ರಿ ಏರಿದರೆ ಬಹುಪಾಲು ಕೊಳವೆಗಳ ಶ್ರುತಿಯು ಅರ್ಧಸ್ವರದ ಸುಮಾರು ಮೂರನೇ ಒಂದು ಭಾಗದಷ್ಟು ಏರುತ್ತದೆ. 20 ಡಿಗ್ರಿಯಲ್ಲಿ ಶ್ರುತಿ ಮಾಡಿದ ವಾದ್ಯ ನಮ್ಮ 30 ಡಿಗ್ರಿಯಲ್ಲಿ ಕೀಬೋರ್ಡಿನೊಂದಿಗೆ ಸೇರಲಾರದು.

5. ಮಳೆ, ಉಪ್ಪುಗಾಳಿ, ಗೆದ್ದಲು: ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಾಗುತ್ತದೆ. ತಿದಿಯ ಚರ್ಮಕ್ಕೆ ಬೂಸ್ಟು ಹಿಡಿಯುತ್ತದೆ, ಮರದ ಪಟ್ಟಿಗಳು ಉಬ್ಬಿ ಸಿಕ್ಕಿಕೊಳ್ಳುತ್ತವೆ, ಒತ್ತದ ಸ್ವರವೂ ತಾನಾಗಿ ನುಡಿಯತೊಡಗುತ್ತದೆ. ಕಡಲಿಗೆ ಹತ್ತಿರದ ಕಾಪುವಿನಲ್ಲಿ ಉಪ್ಪಿನ ಗಾಳಿಯಿಂದ ವಿದ್ಯುತ್ ಸಂಪರ್ಕಗಳು ತುಕ್ಕು ಹಿಡಿಯುವ ಅಪಾಯ ಹೆಚ್ಚು. ಕಾರ್ಕಳದಲ್ಲಿ ಉಪ್ಪು ಕಡಿಮೆಯಾದರೂ ಮಳೆಯ ತೇವ, ಗೆದ್ದಲು ಬಿಟ್ಟಿಲ್ಲ. ಇಲಿ, ಬಾವಲಿಗಳ ಕಾಟವನ್ನೂ ಮರೆಯಬಾರದು.

6. ನುಡಿಸುವವರು: ಕೀಬೋರ್ಡ್ ಬಲ್ಲವರೆಲ್ಲ ಆರ್ಗನ್ ನುಡಿಸಲಾರರು, ಕಾಲಿನಿಂದ ನುಡಿಸುವ ಮಣೆಗೆ ಬೇರೆಯೇ ಅಭ್ಯಾಸ ಬೇಕು. ವರ್ಷಕ್ಕೊಮ್ಮೆಯಾದರೂ ಬಂದು ಶ್ರುತಿ ಸರಿಪಡಿಸುವ ತಜ್ಞರನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮುಂಬಯಿ ಕೊಲಾಬಾದ ಹೋಲಿ ನೇಮ್ ಕೆಥೆಡ್ರಲ್‌ನಲ್ಲಿ ಪೈಪ್ ಆರ್ಗನ್ ಇದೆ. ನಿರ್ಧಾರಕ್ಕೆ ಮುನ್ನ ಅಂತಹ ಸ್ಥಳಕ್ಕೆ ಭೇಟಿಕೊಟ್ಟು, ಅದನ್ನು ನೋಡಿಕೊಳ್ಳುವವರೊಂದಿಗೆ ಮಾತನಾಡುವುದು ಒಳಿತು.

ದಾನ ಮತ್ತು ಅನುಮತಿ

ಉಚಿತ ಆರ್ಗನ್ ಎಂಬುದು ಹೆಸರಿಗೆ ಮಾತ್ರ ಉಚಿತ. ಬಿಚ್ಚುವುದು, ಹಡಗಿನ ಸಾಗಾಟ, ಸುಂಕ, ಮರುಜೋಡಣೆ, ನಾದ ತಿದ್ದುವಿಕೆ, ವಾರ್ಷಿಕ ನಿರ್ವಹಣೆ ಎಲ್ಲವೂ ಧರ್ಮಕೇಂದ್ರದ ಲೆಕ್ಕಕ್ಕೆ ಬರುತ್ತವೆ. "ಇಂತಹ ಜಾಗದಲ್ಲೇ ಇಡಬೇಕು" ಎಂಬಂತಹ ಷರತ್ತಿರುವ ದಾನ ಸ್ವೀಕರಿಸಲು ಧರ್ಮಾಧ್ಯಕ್ಷರ ಅಥವಾ ಅವರ ಅಧಿಕಾರ ಪಡೆದವರ ಅನುಮತಿ ಬೇಕೆಂದು ಧರ್ಮಸಭೆಯ ಕಾನೂನಿನ 1267ನೇ ವಿಧಿ ಹೇಳುತ್ತದೆ. 537ನೇ ವಿಧಿಯ ಪ್ರಕಾರ ಇರಬೇಕಾದ ಧರ್ಮಕೇಂದ್ರದ ಹಣಕಾಸು ಸಮಿತಿಯ ಮುಂದೆಯೂ ಹತ್ತು ವರ್ಷಗಳ ಖರ್ಚಿನ ಅಂದಾಜು ಇಡುವುದು ಉತ್ತಮ.

ಎರಡನೇ ಮಳೆಗಾಲಕ್ಕೆ ಮೌನವಾಗಿ ಅಟ್ಟದಲ್ಲಿ ಧೂಳು ತಿನ್ನುವ ಆರ್ಗನ್, ಮೀನುಗಾರರೂ ಕೃಷಿಕರೂ ಬೆವರು ಸುರಿಸಿ ಕೊಟ್ಟ ಕಾಣಿಕೆಗೆ ನ್ಯಾಯ ಒದಗಿಸದು. ಅದೇ ಸರಿಯಾಗಿ ಹೊಂದಿಸಿದ ಚಿಕ್ಕ ಆರ್ಗನ್ ಹಲವು ತಲೆಮಾರುಗಳ ಕಾಲ ಜನರ ಹಾಡಿಗೆ ಉಸಿರಾಗಬಲ್ಲದು. ಮೇಲಿನ ಆರು ಅಂಶಗಳಿಗೂ ಸಮಾಧಾನಕರ ಉತ್ತರವಿದ್ದರೆ ಧೈರ್ಯದಿಂದ ಮುಂದುವರಿಯಬಹುದು. ಇಲ್ಲವಾದರೆ ದಾನಿಗಳಿಗೆ ಕೃತಜ್ಞತೆಯಿಂದ ಇಲ್ಲವೆಂದು ಹೇಳಿ, ಇರುವ ಹಾರ್ಮೋನಿಯಂ ಸರಿಪಡಿಸಿ ಯುವಜನರಿಗೆ ಸಂಗೀತ ಕಲಿಸುವುದೇ ಮೇಲು. ಬಲಿಪೂಜೆಯಲ್ಲಿ ಮೊದಲ ವಾದ್ಯ ಭಕ್ತಾದಿಗಳ ಕಂಠವೇ ಎಂಬುದು ನಮ್ಮ ಅಭಿಪ್ರಾಯ.