ಮೊಹರಿನಾಚೆಯ ವೇಗ: ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರಿನ ಕಥೆ

ನನ್ನ ಮೇಜಿನ ಖಾನೆಯಲ್ಲಿ ಅಂಗೈಗಿಂತ ತುಸು ಉದ್ದವಾದ ಒಂದು ಹಸಿರು ಫಲಕವಿದೆ. ಅದರ ಒಂದು ಅಂಚಿನಲ್ಲಿ ಸಾಲಾಗಿ ಚಿನ್ನದ ಬಣ್ಣದ ಪಟ್ಟಿಗಳು. ಅವುಗಳಲ್ಲೊಂದರ ಮೇಲೆ ಇಂದಿಗೂ ಸಣ್ಣದೊಂದು ಅಂಟುಪಟ್ಟಿಯ ಚೂರು ಹಾಗೆಯೇ ಇದೆ. ಮೊನ್ನೆ ಪೆನ್ನು ಹುಡುಕಲು ಬಂದ ಮೊಮ್ಮಗಳು ಅದನ್ನು ಎತ್ತಿ ಹಿಡಿದು, "ಇದೇನಜ್ಜ, ಇದಕ್ಕೆ ಬ್ಯಾಂಡೇಜ್ ಯಾಕೆ ಹಾಕಿದ್ದೀರಿ?" ಎಂದು ಕೇಳಿದಳು. ಆಗ ಎರಡು ಮಾತಿನಲ್ಲಿ ಉತ್ತರಿಸಿ ಕಳುಹಿಸಿದೆನಾದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ಬ್ಯಾಂಡೇಜಿನ ಹಿಂದೆ ಗಣಕಯಂತ್ರಗಳ ಚರಿತ್ರೆಯ ಒಂದು ಸ್ವಾರಸ್ಯಕರ ಅಧ್ಯಾಯವಿದೆ. ನನ್ನದೇ ಒಂದು ತಪ್ಪೂ ಇದೆ. ಎರಡನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಚರಿತ್ರೆ. 1998ರ ಹೊತ್ತಿಗೆ ಇಂಟೆಲ್ ಸಂಸ್ಥೆಯ ಪೆಂಟಿಯಮ್ 2 ಪ್ರೊಸೆಸರ್ ಶ್ರೀಮಂತರ ವಸ್ತುವಾಗಿತ್ತು. ಇತ್ತ ಅಮೆರಿಕದಲ್ಲಿ ಸಾವಿರ ಡಾಲರಿಗೂ ಕಡಿಮೆ ಬೆಲೆಯ ಗಣಕಗಳಿಗೆ ಬೇಡಿಕೆ ಏರುತ್ತಿತ್ತು. ಆ ಮಾರುಕಟ್ಟೆಯನ್ನು ಎಎಂಡಿ ಮತ್ತು ಸಿರಿಕ್ಸ್ ಸಂಸ್ಥೆಗಳು ಅಗ್ಗದ ಚಿಪ್‌ಗಳಿಂದ ಆಕ್ರಮಿಸತೊಡಗಿದ್ದವು. ಅವುಗಳಿಗೆ ಉತ್ತರವಾಗಿ ಇಂಟೆಲ್ 1998ರ ಏಪ್ರಿಲ್‌ನಲ್ಲಿ ಸೆಲೆರಾನ್ ಎಂಬ ಹೊಸ ಹೆಸರಿನಲ್ಲಿ 266 ಮೆಗಾಹರ್ಟ್ಸ್‌ನ ಪ್ರೊಸೆಸರ್ ಒಂದನ್ನು ಬಿಡುಗಡೆ ಮಾಡಿತು. ಅದು ಪೆಂಟಿಯಮ್ 2ರದೇ ತಿರುಳು. ಆದರೆ ಖರ್ಚು ಉಳಿಸಲೆಂದು ಎರಡನೆಯ ಹಂತದ ಕ್ಯಾಶ್ ಸ್ಮೃತಿಯನ್ನು ಪೂರ್ತಿಯಾಗಿ ಕಿತ್ತುಹಾಕಲಾಗಿತ್ತು. ಕ್ಯಾಶ್ ಎಂದರೆ ಅಡುಗೆಯವನ ಕೈಗೆಟಕುವ ಸಾಂಬಾರದ ಬಟ್ಟಲು. ಅದಿಲ್ಲದಿದ್ದರೆ ಪ್ರತಿ ಚಿಟಿಕೆ ಉಪ್ಪಿಗೂ ಉಗ್ರಾಣಕ್ಕೆ ಓಡಬೇಕು. ಸಹಜವಾಗಿಯೇ ಆ ಪ್ರೊಸೆಸರ್ ನಿಧಾನವೆಂಬ ಅಪಕೀರ್ತಿಗೆ ಪಾತ್ರವಾಯಿತು.

ಇಂಟೆಲ್ ಬೇಗನೆ ಎಚ್ಚೆತ್ತುಕೊಂಡಿತು. 1998ರ ಆಗಸ್ಟ್ 24ರಂದು ಸೆಲೆರಾನ್ 300ಎ ಬಂದಿತು. ಒಳಹೆಸರು ಮೆಂಡೊಸಿನೊ. ಮೊದಲಿನ ಸೆಲೆರಾನ್‌ನಲ್ಲಿ ಎಪ್ಪತ್ತೈದು ಲಕ್ಷ ಟ್ರಾನ್ಸಿಸ್ಟರುಗಳಿದ್ದರೆ ಇದರಲ್ಲಿ ಒಂದು ಕೋಟಿ ತೊಂಬತ್ತು ಲಕ್ಷ. ಹೆಚ್ಚಿದ್ದೆಲ್ಲ ಹೋಗಿದ್ದು 128 ಕಿಲೋಬೈಟ್ ಕ್ಯಾಶ್‌ಗೆ. ಪೆಂಟಿಯಮ್ 2ರಲ್ಲಿ ಕ್ಯಾಶ್ 512 ಕಿಲೋಬೈಟ್ ಇತ್ತು, ನಿಜ. ಆದರೆ ಅದು ಬೇರೆ ಚಿಪ್‌ಗಳಲ್ಲಿದ್ದು, ಪ್ರೊಸೆಸರಿನ ಅರ್ಧ ವೇಗದಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಮೆಂಡೊಸಿನೊದ ಕ್ಯಾಶ್ ಅದೇ ಸಿಲಿಕಾನ್ ತುಣುಕಿನ ಮೇಲೆ, ಪೂರ್ಣ ವೇಗದಲ್ಲಿ ನಡೆಯುತ್ತಿತ್ತು. ಅಗ್ಗದ ಚಿಪ್‌ಗೆ ತಯಾರಕರು ತಿಳಿದೋ ತಿಳಿಯದೆಯೋ ದುಬಾರಿ ಚಿಪ್‌ಗೂ ಇಲ್ಲದ ಅನುಕೂಲವೊಂದನ್ನು ಕೊಟ್ಟಿದ್ದರು.

ಬೆಲೆಯನ್ನು ನೋಡಿರಿ. 300ಎಗೆ 149 ಡಾಲರ್. ಅದೇ ದಿನ ಬಿಡುಗಡೆಯಾದ 450 ಮೆಗಾಹರ್ಟ್ಸ್ ಪೆಂಟಿಯಮ್ 2ಕ್ಕೆ 669 ಡಾಲರ್. ಎರಡೂ 0.25 ಮೈಕ್ರಾನ್ ಎಂಬ ಒಂದೇ ತಂತ್ರದಿಂದ ತಯಾರಾದವು. ಹಾಗಾದರೆ ಅಗ್ಗದ ಚಿಪ್‌ನ ಮೇಲೆ 300 ಎಂದು ಬರೆದದ್ದು ಅದರ ಯೋಗ್ಯತೆ ಅಷ್ಟೇ ಎಂಬ ಕಾರಣಕ್ಕೋ, ಅಥವಾ ಮಾರಾಟದ ಅನುಕೂಲಕ್ಕೋ? ಈ ಪ್ರಶ್ನೆ ಜಗತ್ತಿನ ಹವ್ಯಾಸಿಗಳನ್ನೆಲ್ಲ ಕಾಡತೊಡಗಿತು.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಪ್ರೊಸೆಸರಿನ ವೇಗವೆಂದರೆ ಎರಡು ಸಂಖ್ಯೆಗಳ ಗುಣಲಬ್ಧ: ಮದರ್‌ಬೋರ್ಡಿನ ಬಸ್ ವೇಗ ಮತ್ತು ಚಿಪ್‌ನೊಳಗಿನ ಗುಣಕ. 300ಎಯ ಗುಣಕ ನಾಲ್ಕೂವರೆ. ಬಸ್ 66 ಮೆಗಾಹರ್ಟ್ಸ್. ಗುಣಿಸಿದರೆ ಸುಮಾರು 300. ಆ ಕಾಲದಲ್ಲಿ ಕೆಲವು ವಂಚಕ ವ್ಯಾಪಾರಿಗಳು ನಿಧಾನದ ಚಿಪ್‌ಗಳ ಮೇಲಿನ ಅಕ್ಷರಗಳನ್ನು ಅಳಿಸಿ, ಹೆಚ್ಚಿನ ವೇಗ ಮುದ್ರಿಸಿ ಮಾರುತ್ತಿದ್ದುದರಿಂದ ಇಂಟೆಲ್ ಗುಣಕಕ್ಕೆ ಬೀಗ ಜಡಿದಿತ್ತು. ಬಸ್ಸಿಗೆ ಮಾತ್ರ ಬೀಗವಿರಲಿಲ್ಲ. ಅದೇ ವರ್ಷ ಬಂದ 440ಬಿಎಕ್ಸ್ ಚಿಪ್‌ಸೆಟ್ಟಿನ ಮದರ್‌ಬೋರ್ಡುಗಳು 100 ಮೆಗಾಹರ್ಟ್ಸ್ ಬಸ್ಸನ್ನು ಅಧಿಕೃತವಾಗಿಯೇ ನಡೆಸುತ್ತಿದ್ದವು. ನಾಲ್ಕೂವರೆಯನ್ನು ನೂರರಿಂದ ಗುಣಿಸಿರಿ: 450! ಏಳನೆಯ ತರಗತಿಯ ಗುಣಾಕಾರದಲ್ಲಿ ಐನೂರು ಡಾಲರ್ ಉಳಿತಾಯ.

ನಡುವಿನ 83 ಮೆಗಾಹರ್ಟ್ಸ್‌ಗಿಂತ ಈ ನೂರು ಎಂಬ ಸಂಖ್ಯೆ ಸುರಕ್ಷಿತವೆಂಬುದು ಇನ್ನೊಂದು ಸ್ವಾರಸ್ಯ. ಹಾರ್ಡ್‌ಡಿಸ್ಕ್ ಮೊದಲಾದವುಗಳಿಗೆ ಸಂಪರ್ಕ ಕಲ್ಪಿಸುವ ಪಿಸಿಐ ಬಸ್ 33 ಮೆಗಾಹರ್ಟ್ಸ್‌ನಲ್ಲಿ ಇರಬೇಕು. 66ನ್ನು ಎರಡರಿಂದಲೂ 100ನ್ನು ಮೂರರಿಂದಲೂ ಭಾಗಿಸಿದರೆ 33 ಸಿಗುತ್ತದೆ. 83ನ್ನು ಎರಡರಿಂದ ಭಾಗಿಸಿದರೆ 41ನ್ನು ಮೀರುತ್ತದೆ. ಡಿಸ್ಕಿನ ಮಾಹಿತಿ ಕೆಡುವ ಭಯ. ಅರೆಮನಸ್ಸಿನ ಸಾಹಸಕ್ಕೇ ಹೆಚ್ಚು ಅಪಾಯ!

ಬಸ್ಸನ್ನು ನೂರಕ್ಕೆ ಏರಿಸುವ ಬಗೆ ಎರಡು. ಅಬಿಟ್ ಸಂಸ್ಥೆಯ ಬಿಎಚ್6ನಂತಹ ಮದರ್‌ಬೋರ್ಡುಗಳಲ್ಲಿ ಬಯೋಸ್ ಪರದೆಯಲ್ಲಿಯೇ ಬಸ್ ವೇಗವನ್ನೂ ವೋಲ್ಟೇಜನ್ನೂ ಬದಲಿಸಬಹುದಿತ್ತು. ಆ ಸೌಕರ್ಯವಿಲ್ಲದವರು ಪ್ರೊಸೆಸರ್ ಫಲಕದ 242 ಸಂಪರ್ಕಪಟ್ಟಿಗಳಲ್ಲಿ ಬಿ21 ಎಂಬುದರ ಮೇಲೆ ಅಂಟುಪಟ್ಟಿಯ ಚೂರು ಹಚ್ಚುತ್ತಿದ್ದರು. ಚಿಪ್ "ನಾನು 66ರವನು" ಎಂದು ಹೇಳುವ ಬಾಯಿ ಅದು. ಬಾಯಿ ಮುಚ್ಚಿದರೆ ಬೋರ್ಡು ನೂರು ಎಂದು ತಿಳಿಯುತ್ತದೆ. ನನ್ನ ಮೊಮ್ಮಗಳು ಕಂಡ ಬ್ಯಾಂಡೇಜು ಇದೇ.

ಇನ್ನು ಆಯ್ಕೆ. ಎಲ್ಲ 300ಎಗಳೂ 450ಕ್ಕೆ ಏರುತ್ತಿರಲಿಲ್ಲ. ಏರುವವೇ ಬಹಳವಾಗಿದ್ದವು ಎಂಬುದು ಅದರ ಖ್ಯಾತಿಗೆ ಕಾರಣ. ಹವ್ಯಾಸಿಗಳು ಚಿಪ್‌ನ ಮೇಲಿನ, ಎಸ್‌ಎಲ್ ಎಂದು ಆರಂಭವಾಗುವ ಸಂಕೇತವನ್ನೂ, ತಯಾರಾದ ವಾರವನ್ನೂ, ಜೋಡಣೆ ಮಲೇಷ್ಯಾದಲ್ಲೋ ಕೋಸ್ಟರಿಕದಲ್ಲೋ ಎಂಬುದನ್ನೂ ಜಾತಕದಂತೆ ಪರಿಶೀಲಿಸುತ್ತಿದ್ದರು. ಪೆಟ್ಟಿಗೆಯಲ್ಲಿ ಬರುವ ಚಿಪ್‌ಗೆ ಫ್ಯಾನೂ ಮೂರು ವರ್ಷದ ಖಾತರಿಯೂ ಇರುತ್ತಿತ್ತು. ಬಿಡಿಯಾಗಿ ಕೊಂಡದ್ದಕ್ಕೆ ಕೂಲರನ್ನು ನಾವೇ ಹುಡುಕಬೇಕಾಗಿತ್ತು.

ನಾನು ಆಗ ರಾಯಚೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕ. ಹಳ್ಳಿಯ ಅಂಚೆ ಪೇದೆಯಾಗಿ ಮೂವತ್ತು ವರ್ಷ ನಡೆದ ನನ್ನ ತಂದೆಯವರ ನೆನಪುಗಳನ್ನು ಬರೆದಿಡಬೇಕೆಂಬ ಹಂಬಲ ನನಗಿತ್ತು. "ಬರಹ" ತಂತ್ರಾಂಶ ಬಂದಿದ್ದರಿಂದ ಕನ್ನಡದಲ್ಲಿ ಬೆರಳಚ್ಚು ಮಾಡುವುದು ಸುಲಭವಾಗಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲಸದಲ್ಲಿದ್ದ. ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ 38 ಅಂಕ ಪಡೆದವನು. "ಇವನನ್ನು ಮುಂದೆ ಓದಿಸಿ ಪ್ರಯೋಜನವಿಲ್ಲ, ಎಲ್ಲಾದರೂ ಅಂಗಡಿಗೆ ಸೇರಿಸಿ" ಎಂದು ಅವನ ತಂದೆಗೆ ಹೇಳಿದವನು ನಾನೇ. 1998ರ ಡಿಸೆಂಬರ್‌ನಲ್ಲಿ ಅವನ ಬಳಿಯೇ ನನ್ನ ಐದು ತಿಂಗಳ ಸಂಬಳದ ಗಣಕವನ್ನು ಜೋಡಿಸಿಕೊಂಡೆ. "ಪ್ರೊಸೆಸರಿನಲ್ಲಿ ಉಳಿಸಿ ಸಾರ್, ಬೋರ್ಡಿಗೆ ಖರ್ಚು ಮಾಡಿ" ಎಂದು ಬಿಎಕ್ಸ್ ಬೋರ್ಡನ್ನೇ ಹಾಕಿ, ಅಂಟುಪಟ್ಟಿ ಹಚ್ಚಿ, ವೋಲ್ಟೇಜನ್ನು ತುಸು ಏರಿಸಿ, ಪ್ರೈಮ್95 ಎಂಬ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿ ತಪ್ಪಿಲ್ಲವೆಂದು ತೋರಿಸಿಕೊಟ್ಟ. ಹೊರಡುವಾಗ ಒಂದು ಚೀಟಿ ಕೊಟ್ಟ. ಅದರಲ್ಲಿದ್ದದ್ದು ಒಂದೇ ಸಾಲು: ಯುಗಾದಿ ಆದಮೇಲೆ 300ಕ್ಕೆ ಇಳಿಸಿಬಿಡಿ, ಇಲ್ಲವೇ ದೊಡ್ಡ ಕೂಲರ್ ಹಾಕಿಸಿ.

ಆ ಒಂದು ಸಾಲಿನ ಹಿಂದಿನ ಭೌತವಿಜ್ಞಾನವನ್ನು ನಾನು ತರಗತಿಯಲ್ಲಿ ಎಷ್ಟು ಬಾರಿ ಬೋಧಿಸಿದ್ದೆನೋ! ಚಿಪ್ ಹೊರಸೂಸುವ ಶಾಖ ಸ್ಥೂಲವಾಗಿ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೇಗ ಒಂದೂವರೆ ಪಟ್ಟು, ವೋಲ್ಟೇಜು 2.0ರಿಂದ 2.2ಕ್ಕೆ ಏರಿದರೆ ಅದರ ವರ್ಗ 1.21 ಪಟ್ಟು. ಗುಣಿಸಿದರೆ 1.8 ಪಟ್ಟು. ಸುಮಾರು 19 ವಾಟ್ ಇದ್ದದ್ದು 34 ವಾಟ್ ಆಗುತ್ತದೆ. ಪ್ರತಿ ವಾಟ್‌ಗೆ ಒಂದು ಡಿಗ್ರಿಯಷ್ಟು ಬಿಸಿಯಾಗುವ ಕೂಲರ್ ಇದೆಯೆಂದು ಇಟ್ಟುಕೊಳ್ಳಿರಿ. 22 ಡಿಗ್ರಿಯ ಕೋಣೆಯಲ್ಲಿ ಚಿಪ್ 56 ಡಿಗ್ರಿ ಮುಟ್ಟುತ್ತದೆ. ಫ್ಯಾನು ಎಷ್ಟೇ ಗಿರಗಿರನೆ ತಿರುಗಲಿ, ಅದು ತಳ್ಳುವುದು ಕೋಣೆಯ ಗಾಳಿಯನ್ನೇ. ಕೋಣೆಯೇ 42 ಡಿಗ್ರಿ ಇದ್ದರೆ ಚಿಪ್ 76. ಅಮೆರಿಕದ ಹವ್ಯಾಸಿ ತಂಪು ಕೋಣೆಯಲ್ಲಿ ಕುಳಿತು ಸಾಧಿಸಿದ್ದು ರಾಯಚೂರಿನ ಮೇ ತಿಂಗಳಿಗೆ ಹಾಗೆಯೇ ಅನ್ವಯಿಸದು.

ತಂಪಾಗಿಸುವ ವಿದ್ಯೆಯೇ ಒಂದು ಲೋಕ. ತಾಮ್ರದ ಉಷ್ಣವಾಹಕತೆ ಸುಮಾರು 400, ಅಲ್ಯೂಮಿನಿಯಮ್ಮಿನದು 235ರ ಆಸುಪಾಸು, ನಿಶ್ಚಲ ಗಾಳಿಯದು 0.03ಕ್ಕಿಂತಲೂ ಕಡಿಮೆ. ಚಿಪ್‌ಗೂ ಲೋಹಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ನಿಂತರೂ ಅದು ಕಂಬಳಿ ಹೊದಿಸಿದಂತೆ. ಆ ಸಂದುಗಳನ್ನು ತುಂಬಲೆಂದೇ ಉಷ್ಣವಾಹಕ ಲೇಪ. ಅದನ್ನು ದೋಸೆಗೆ ಬೆಣ್ಣೆ ಹಚ್ಚಿದಂತೆ ದಪ್ಪವಾಗಿ ಮೆತ್ತಿದರೆ ಲೇಪವೇ ಅಡ್ಡಗೋಡೆಯಾಗುತ್ತದೆ. ಕೆಲವರು 1834ರಲ್ಲಿ ಪೆಲ್ಟಿಯೆ ಕಂಡುಹಿಡಿದ ಪರಿಣಾಮವನ್ನು ಬಳಸಿ, ವಿದ್ಯುತ್ತಿನಿಂದಲೇ ತಂಪಾಗುವ ಫಲಕಗಳನ್ನು ಚಿಪ್‌ಗೆ ಅಂಟಿಸಿದರು. ಆದರೆ ಕೋಣೆಯ ಗಾಳಿಗಿಂತ ಬಹಳ ತಣ್ಣಗಾದ ವಸ್ತುವಿನ ಮೇಲೆ ಇಬ್ಬನಿ ಕೂರುತ್ತದೆ. ವಿದ್ಯುತ್ ಮಂಡಲಕ್ಕೆ ನೀರು ವೈರಿ.

ನಾನೇನು ಮಾಡಿದೆ? ಚೀಟಿಯನ್ನು ನಿಘಂಟಿನೊಳಗಿಟ್ಟು ಮರೆತೆ. ನಿಜ ಹೇಳಬೇಕೆಂದರೆ ಮರೆಯಲಿಲ್ಲ; 38 ಅಂಕದವನಿಂದ ಉಷ್ಣಶಾಸ್ತ್ರ ಕಲಿಯಬೇಕೇ ಎಂಬ ಅಹಂಕಾರ. ಚಳಿಗಾಲದಲ್ಲಿ ಯಂತ್ರ ಚೆನ್ನಾಗಿ ನಡೆಯಿತು. ತಂದೆಯವರು ಸಂಜೆಯ ಹೊತ್ತು ಕುರ್ಚಿಯಲ್ಲಿ ಕುಳಿತು ಹೇಳುತ್ತಿದ್ದರು. ನಾನು ನೇರವಾಗಿ ಬೆರಳಚ್ಚು ಮಾಡುತ್ತಿದ್ದೆ. 1999ರ ಯುಗಾದಿಗೆ ಒಂದು ವಾರ ಮುಂಚೆ ಅವರು ತೀರಿಕೊಂಡರು. ಆ ವೇಳೆಗೆ 64 ಪುಟಗಳಾಗಿದ್ದವು. ಮೇ ತಿಂಗಳ ರಜೆಯಲ್ಲಿ ಅವುಗಳನ್ನು ತಿದ್ದಲು ಕುಳಿತೆ.

ಶಾಖ ಹೆಚ್ಚಿದಂತೆ ಟ್ರಾನ್ಸಿಸ್ಟರುಗಳು ನಿಧಾನವಾಗುತ್ತವೆ. ವೇಗದ ಅಂಚಿನಲ್ಲಿ ನಡೆಯುತ್ತಿರುವ ಚಿಪ್ ಆಗ ಮುಗ್ಗರಿಸುತ್ತದೆ. ಮುಗ್ಗರಿಸಿ ನಿಂತರೆ ಪುಣ್ಯ. ಬಹಳ ಬಾರಿ ಅದು ತಪ್ಪು ಉತ್ತರವನ್ನು ಧೈರ್ಯವಾಗಿ ಹೇಳುವ ವಿದ್ಯಾರ್ಥಿಯಂತೆ ತಪ್ಪನ್ನೇ ಬರೆದುಬಿಡುತ್ತದೆ. ನನ್ನ ಯಂತ್ರ ಎರಡು ಮಧ್ಯಾಹ್ನ ತಾನಾಗಿ ನಿಂತು ಎಚ್ಚರಿಸಿತು. ನಾನು ಮತ್ತೆ ಚಾಲೂ ಮಾಡಿದೆ. ಮೂರನೆಯ ದಿನ ಕಡತ ತೆರೆದರೆ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು. ಶಿವರಾತ್ರಿಯಂದು ಫ್ಲಾಪಿಗೆ ಇಳಿಸಿಟ್ಟ 43 ಪುಟಗಳು ಉಳಿದವು. ಉಳಿದ 21 ಪುಟಗಳನ್ನು ಮತ್ತೊಮ್ಮೆ ಹೇಳಿಸಿಕೊಳ್ಳಲು ಹೇಳುವವರೇ ಇರಲಿಲ್ಲ. ಮಳೆಗಾಲದಲ್ಲಿ ಹೊಳೆ ದಾಟಿ ತಂತಿ ಸುದ್ದಿ ತಲುಪಿಸಿದ ಪ್ರಸಂಗ ಆ ಪುಟಗಳಲ್ಲಿತ್ತೆಂದು ನೆನಪಿದೆ. ಯಾವ ಹಳ್ಳಿ, ಯಾರ ಮನೆ ಎಂಬುದು ನೆನಪಿಲ್ಲ.

ಆ ಹುಡುಗನಿಗೆ ಫೋನ್ ಮಾಡಿದೆ. ಅವನು "ಚೀಟಿ ಕೊಟ್ಟಿದ್ದೆನಲ್ಲ ಸಾರ್" ಎನ್ನಲಿಲ್ಲ. ಮುಂದಿನ ಭಾನುವಾರ ರಾತ್ರಿ ಬಸ್ಸಿನಲ್ಲಿ ಬಂದು, ಇಡೀ ದಿನ ಡಿಸ್ಕನ್ನು ಜಾಲಾಡಿ, ಏನೂ ಸಿಗದೆ ಮರಳಿದ. ಹೋಗುವ ಮುನ್ನ ವೇಗವನ್ನು 300ಕ್ಕೆ ಇಳಿಸಿಟ್ಟ. ಆ ಯಂತ್ರ ಮುಂದೆ ಆರು ಬೇಸಿಗೆಗಳನ್ನು ತೊಂದರೆಯಿಲ್ಲದೆ ಕಳೆಯಿತು.

ಲೋಕದ ಕಥೆ ಬೇರೆಯೇ ದಾರಿ ಹಿಡಿಯಿತು. ವೇಗ ಏರಿಸುತ್ತಲೇ ಹೋದ ಇಂಟೆಲ್ ತಾನೇ ಶಾಖದ ಗೋಡೆಗೆ ಡಿಕ್ಕಿ ಹೊಡೆದು, 2004ರಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಮ್ 4ರ ಯೋಜನೆಯನ್ನು ಕೈಬಿಟ್ಟಿತು. 2008ರಲ್ಲಿ ಬಂದ ಅದರ ಟರ್ಬೊ ಬೂಸ್ಟ್ ತಂತ್ರದಲ್ಲಿ ಚಿಪ್ ತನ್ನ ಶಾಖವನ್ನೂ ವಿದ್ಯುತ್ ಬಳಕೆಯನ್ನೂ ತಾನೇ ಅಳೆದುಕೊಂಡು, ಅವಕಾಶವಿದ್ದಾಗ ವೇಗ ಏರಿಸಿ, ಬಿಸಿಯಾದರೆ ಇಳಿಸುತ್ತದೆ. ಆ ಹುಡುಗನ ಚೀಟಿಯನ್ನು ಈಗ ಸಿಲಿಕಾನಿನೊಳಗೇ ಬರೆದಿದ್ದಾರೆ ಎನ್ನಬಹುದು. 2014ರಲ್ಲಿ ಪೆಂಟಿಯಮ್ ಹೆಸರಿನ ಇಪ್ಪತ್ತು ವರ್ಷಗಳ ನೆನಪಿಗೆ, ಗುಣಕದ ಬೀಗ ತೆಗೆದ ಜಿ3258 ಎಂಬ ಅಗ್ಗದ ಪ್ರೊಸೆಸರನ್ನು ಇಂಟೆಲ್ ತಾನಾಗಿಯೇ ಮಾರಿತು.

ಚಿಪ್‌ನ ಮೇಲಿನ 300 ಎಂಬ ಮೊಹರು ಸುಳ್ಳೆಂದು ನಾವೆಲ್ಲ ಆಗ ನಕ್ಕಿದ್ದೆವು. ಈಗ ಯೋಚಿಸಿದರೆ ಅದು ಚಿಪ್‌ನ ಯೋಗ್ಯತೆಯ ಅಳತೆಯಾಗಿರಲಿಲ್ಲ, ಅದೊಂದು ವಚನವಾಗಿತ್ತು. ಸೆಕೆಯಿರಲಿ, ಧೂಳಿರಲಿ, ಫ್ಯಾನು ಹಳತಾಗಲಿ, ಇಷ್ಟು ಕೆಲಸ ತಪ್ಪದೆ ಮಾಡುತ್ತೇನೆ ಎಂಬ ವಚನ. ಅದಕ್ಕಿಂತ ಹೆಚ್ಚು ಬೇಕೆಂದವನು ತಂಪಿನ ಹೊಣೆಯನ್ನು ತಾನು ಹೊರಬೇಕು. ನಾನು ವೇಗವನ್ನು ತೆಗೆದುಕೊಂಡೆ, ಹೊಣೆಯನ್ನು ಬಿಟ್ಟೆ.

ಆದರೆ ಅಂಕಪಟ್ಟಿಯ ಮೇಲೆ ನಾನು ಬರೆದ 38ರ ಮೊಹರು ಯಾವ ವಚನವೂ ಅಲ್ಲ. ಅದನ್ನು ನೋಡಿ ಒಬ್ಬ ಹುಡುಗನ ಗುಣಕಕ್ಕೆ ಬೀಗ ಹಾಕಲು ಹೊರಟವನು ನಾನು. ಅವನು ಈಗ ಸ್ವಂತ ಅಂಗಡಿ ನಡೆಸುತ್ತಾನೆ. ಈ ಲೇಖನವನ್ನು ಓದಿಯೂ ಓದುತ್ತಾನೆ. ಚೀಟಿ ಇನ್ನೂ ನನ್ನ ನಿಘಂಟಿನಲ್ಲಿದೆ ಎಂದು ಅವನಿಗೆ ತಿಳಿಯಲಿ.